ಅಲ್ಲಿ ಛಲೋನೋ, ಇಲ್ಲಿ ಛಲೋನೋ? ಒಂದು ವಹಿಯಲ್ಲಿ ಎರಡು ದೇಶ ತೂಗುವ ಬಗೆ

ಶನಿವಾರ ಸಂಜೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಯಾರಾದರೂ ಒಬ್ಬ ಹುಡುಗಿ ಬರುತ್ತಾಳೆ. ಬಿಎಸ್ಸಿ ನರ್ಸಿಂಗೋ, ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾವೋ ಮುಗಿಸಿರುತ್ತಾಳೆ. ಜೊತೆಗೆ ಅವ್ವ ಇಲ್ಲವೇ ಅಣ್ಣ ಇರುತ್ತಾರೆ. ಚಹಾ ಬಸಿ ಕೆಳಗಿಡುವಷ್ಟರಲ್ಲಿ ಅದೇ ಪ್ರಶ್ನೆ ಬರುತ್ತದೆ: “ಅಕ್ಕಾರ, ಜರ್ಮನಿ ಛಲೋನೋ, ಇಲ್ಲೇ ಛಲೋನೋ?”

ನಾನು 2021ರ ನವೆಂಬರ್‌ನಿಂದ 2025ರ ಮಾರ್ಚ್‌ವರೆಗೆ ಜರ್ಮನಿಯ ಕಾಸೆಲ್ ಊರಿನಲ್ಲಿ ನರ್ಸ್ ಆಗಿದ್ದೆ. ಅದಕ್ಕೂ ಮೊದಲು ಆರು ವರ್ಷ ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ದುಡಿದೆ. ಎರಡೂ ಕಡೆ ಉಂಡವಳು ಅಂತ ನನ್ನ ಹತ್ತಿರ ಬರುತ್ತಾರೆ. ಆದರೆ ಛಲೋ ಯಾವುದು ಅಂತ ನಾನು ಹೇಳುವುದಿಲ್ಲ. ಒಂದು ನೂರು ಪುಟದ ವಹಿ ತರಲು ಹೇಳುತ್ತೇನೆ. ಅದರಲ್ಲಿ ಏನು ಬರೆಯಬೇಕು ಅಂತ ತೋರಿಸುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ನರ್ಸ್ ಅಲ್ಲದಿದ್ದರೂ, ನಿಮ್ಮ ದೇಶ ಜರ್ಮನಿ ಅಲ್ಲದೆ ಓಮಾನ್ ಅಥವಾ ಕೆನಡಾ ಆಗಿದ್ದರೂ ರೀತಿ ಇದೇ.

ಮೊದಲು ಒಂದು ಮಾತು. ದೇಶ ಮತ್ತು ದೇಶವನ್ನು ತೂಗಲು ಹೋಗಬೇಡಿ. ಆ ಕೆಲಸವನ್ನು ದೊಡ್ಡವರು ಆಗಲೇ ಮಾಡಿದ್ದಾರೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 1990ರಿಂದ ಮಾನವ ಅಭಿವೃದ್ಧಿ ಸೂಚ್ಯಂಕ ಹೊರತರುತ್ತಿದೆ. ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ವರ್ಷ ಶಾಲೆ ಕಲಿಯುತ್ತಾರೆ, ಎಷ್ಟು ಆದಾಯ ಇದೆ ಅನ್ನುವ ಮೂರನ್ನು ಕೂಡಿಸಿ ಅದನ್ನು ಕಟ್ಟುತ್ತಾರೆ. 2025ರ ವರದಿಯ 193 ದೇಶಗಳಲ್ಲಿ ಜರ್ಮನಿ 5ನೇ ಸ್ಥಾನದಲ್ಲಿದೆ, ಭಾರತ 130ರಲ್ಲಿ. ಸರ್ಕಾರ ನಡೆಸುವವರಿಗೆ ಇದು ಬೇಕು. ಆದರೆ ನೀವು ಬದುಕುವುದು ದೇಶದ ಸರಾಸರಿಯಲ್ಲಿ ಅಲ್ಲ. ಒಂದು ಓಣಿಯಲ್ಲಿ, ಒಂದು ಪಗಾರದಲ್ಲಿ. ಅದಕ್ಕೇ ವಹಿಯ ಮೊದಲ ಪುಟದಲ್ಲಿ ದೇಶದ ಹೆಸರು ಬರೆಯಬೇಡಿ, ಊರಿನ ಹೆಸರು ಬರೆಯಿರಿ. ಎಡಕ್ಕೆ ಬಾಗಲಕೋಟೆ, ಬಲಕ್ಕೆ ಕಾಸೆಲ್. ಬೆಂಗಳೂರಿನ ಬಾಡಿಗೆಯನ್ನು ಮ್ಯೂನಿಕ್ ಬಾಡಿಗೆಗೆ ಹೋಲಿಸಿದ ವಿಡಿಯೋ ನೋಡಿ ನವನಗರದ ಹುಡುಗಿ ತೀರ್ಮಾನ ಮಾಡುವುದು ತಪ್ಪು ಅಲ್ವಾ?

ಪಗಾರದ ಪುಟ

ಯಾರೋ “ತಿಂಗಳಿಗೆ ಮೂರು ಲಕ್ಷ” ಅನ್ನುತ್ತಾರೆ. ಆ ಅಂಕಿ ಕೇಳಿ ಮನೆಯವರೆಲ್ಲ ಸುಮ್ಮನಾಗುತ್ತಾರೆ. ಅದು ಕೈಗೆ ಬರುವ ರೊಕ್ಕ ಅಲ್ಲ. ಜರ್ಮನಿಯಲ್ಲಿ ಪಗಾರಕ್ಕೆ ಎರಡು ಹೆಸರಿವೆ. ಕಾಗದದಲ್ಲಿ ಇರುವುದು ಬ್ರುಟೊ, ಕೈಗೆ ಬರುವುದು ನೆಟ್ಟೊ. ನನ್ನ ಬ್ರುಟೊ ಕೊನೆಯಲ್ಲಿ 3,300 ಯೂರೊ ಇತ್ತು. ಆದಾಯ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ಮುಪ್ಪಿನ ಆರೈಕೆಯ ವಿಮೆ ಎಲ್ಲ ಕಡಿದು ಕೈಗೆ ಸುಮಾರು 2,200 ಬರುತ್ತಿತ್ತು. ಮೂರರಲ್ಲಿ ಒಂದು ಪಾಲು ಹೋಯಿತು. ಮದುವೆಯಾಗದವರಿಗೆ ತೆರಿಗೆಯ ದರ್ಜೆ ಬೇರೆ, ಆದವರಿಗೆ ಬೇರೆ. ಹಾಗಾಗಿ ಬೇರೆಯವರ ನೆಟ್ಟೊ ನಿಮ್ಮದಾಗುವುದಿಲ್ಲ.

ಇನ್ನೊಂದು ವಿಷಯ. ಇಲ್ಲಿಂದ ಹೋದ ದಿನವೇ ನೀವು ಅಲ್ಲಿ ಪೂರ್ಣ ನರ್ಸ್ ಅಲ್ಲ. ನಿಮ್ಮ ಓದನ್ನು ಅಲ್ಲಿನವರು ಒಪ್ಪಬೇಕು, ಅದಕ್ಕೆ ಪರೀಕ್ಷೆಯೋ ತರಬೇತಿಯೋ ಮುಗಿಸಬೇಕು. ಅಲ್ಲಿವರೆಗೆ ಸಹಾಯಕಿಯ ಪಗಾರ. ನನಗೆ ಅದಕ್ಕೆ ಹತ್ತು ತಿಂಗಳು ಹಿಡಿಯಿತು. ಆ ಹತ್ತು ತಿಂಗಳು ಕೈಗೆ 1,800 ಯೂರೊ ಕೂಡ ಬರುತ್ತಿರಲಿಲ್ಲ. ಮೊದಲ ವರ್ಷದ್ದು ಒಂದು ಲೆಕ್ಕ, ಮೂರನೇ ವರ್ಷದ್ದು ಇನ್ನೊಂದು ಲೆಕ್ಕ ಅಂತ ಬೇರೆ ಬೇರೆ ಬರೆಯಿರಿ.

ಈಗ ಎಡಗಡೆ. ಇಲ್ಲಿ ನನ್ನ ಪಗಾರ 18,000 ರೂಪಾಯಿ. ಡ್ಯೂಟಿ ಹೆಸರಿಗೆ ಎಂಟು ತಾಸು. ಆದರೆ ಮುಂದಿನ ಪಾಳಿಯವಳು ಬಂದು ಎಲ್ಲ ಒಪ್ಪಿಸಿ ಹೊರಡುವ ಹೊತ್ತಿಗೆ ಹತ್ತು ತಾಸು ಆಗಿರುತ್ತಿತ್ತು. ತಿಂಗಳಿಗೆ 26 ದಿನ, ಅಂದರೆ 260 ತಾಸು. ಭಾಗಿಸಿದರೆ ತಾಸಿಗೆ 70 ರೂಪಾಯಿ ಆಗುವುದಿಲ್ಲ. ಕಾಸೆಲ್‌ನಲ್ಲಿ ವಾರಕ್ಕೆ 38.5 ತಾಸು. ಪಾಳಿ ಒಪ್ಪಿಸುವ ಹೊತ್ತೂ ಅದರಲ್ಲೇ ಸೇರಿತ್ತು. ತಾಸಿಗೆ ಸುಮಾರು 13 ಯೂರೊ ಬಿತ್ತು. ಈ ಎರಡು ಅಂಕಿಗಳನ್ನು ದೊಡ್ಡದಾಗಿ ಬರೆದು ಸುತ್ತಲೂ ಗೆರೆ ಎಳೆಯಿರಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ದಯವಿಟ್ಟು ನಿಜವಾದ ತಾಸು ಬರೆಯಿರಿ, ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಇರುವುದನ್ನಲ್ಲ.

ತಾಸಿನ ಪುಟ

ನನಗೆ ಬಹಳ ಕಲಿಸಿದ್ದು ಈ ಪುಟ. ಯೂರೊವನ್ನು ರೂಪಾಯಿಗೆ ತಿರುಗಿಸಬೇಡಿ. ಮೊದಲ ಮೂರು ತಿಂಗಳು ನಾನು ಹಾಗೆ ಮಾಡಿ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಒಂದು ಕಾಫಿಗೆ 3.50 ಯೂರೊ, ಅಂದರೆ 300 ರೂಪಾಯಿ ದಾಟಿತು, ಬೇಡ. ಹೀಗೇ ದಿನ ಕಳೆದೆ. ಆಮೇಲೆ ಬೆಲೆಯನ್ನು ದುಡಿಮೆಯ ಹೊತ್ತಿಗೆ ತಿರುಗಿಸಿದೆ. ಆ ಕಾಫಿ 16 ನಿಮಿಷದ ದುಡಿಮೆ. ಇಲ್ಲಿ ಬಸ್ ಸ್ಟ್ಯಾಂಡ್ ಎದುರಿನ 10 ರೂಪಾಯಿ ಚಹಾ 9 ನಿಮಿಷದ ದುಡಿಮೆ. ಈಗ ತೂಕ ಸರಿಯಾಯಿತು.

ಹಾಗೇ ಮುಂದುವರಿಸಿ. ಒಂದು ಲೀಟರ್ ಹಾಲು ಇಲ್ಲಿ ನನಗೆ 40 ನಿಮಿಷ, ಅಲ್ಲಿ 5 ನಿಮಿಷ. ಪೆಟ್ರೋಲ್ ಇಲ್ಲಿ ಲೀಟರ್‌ಗೆ ಒಂದೂವರೆ ತಾಸು, ಅಲ್ಲಿ 8 ನಿಮಿಷ. 15,000 ರೂಪಾಯಿಯ ಫೋನ್ ಇಲ್ಲಿ 215 ತಾಸು, ಅಂದರೆ ಹತ್ತಿರ ಹತ್ತಿರ ಒಂದು ತಿಂಗಳು. ಅಂಥದ್ದೇ ಫೋನ್ ಅಲ್ಲಿ 200 ಯೂರೊ, ಎರಡು ದಿನದ ಕೆಲಸ. ಇಲ್ಲಿ 5,000 ರೂಪಾಯಿಯ ಒಂದು ಕೋಣೆ 72 ತಾಸು, ಅಲ್ಲಿ 650 ಯೂರೊದ ಸಣ್ಣ ಮನೆ 49 ತಾಸು. ಬಟ್ಟೆ ಹೊಲಿಸುವುದು ಮಾತ್ರ ಬೇರೆ ಕಥೆ. ಜಾಕೆಟ್‌ನ ಜಿಪ್ ಬದಲಿಸಲು ಅಲ್ಲಿ 25 ಯೂರೊ ಕೇಳಿದರು. ಎರಡು ತಾಸಿನ ದುಡಿಮೆ ಅದು. ಅಲ್ಲಿನ ಜನ ಜಿಪ್ ಹೋದರೆ ಜಾಕೆಟ್ಟನ್ನೇ ಬಿಸಾಕುವುದು ಯಾಕೆ ಅಂತ ಆವತ್ತು ತಿಳಿಯಿತು.

ಇದರಲ್ಲಿ ಒಂದು ಸೂತ್ರ ಇದೆ. ಹಡಗಿನಲ್ಲಿ ಊರೂರು ಸುತ್ತುವ ಸಾಮಾನು, ಅಂದರೆ ಫೋನ್, ಔಷಧ ತಯಾರಿಸುವ ಯಂತ್ರ, ಇವಕ್ಕೆ ಲೋಕದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಬೆಲೆ. ಮನುಷ್ಯನ ಕೈಕೆಲಸ ಮಾತ್ರ ಆಯಾ ಊರಿನ ಬೆಲೆಗೆ ಸಿಗುತ್ತದೆ. ವಿಶ್ವಬ್ಯಾಂಕ್ ಇದನ್ನೇ ಲೆಕ್ಕ ಹಾಕಿ ಕೊಳ್ಳುವ ಶಕ್ತಿಯ ಸಮಾನತೆ ಅನ್ನುತ್ತದೆ. ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವಷ್ಟು ಸಾಮಾನು, ಸೇವೆ ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ ಅನ್ನುವುದು ಆ ಲೆಕ್ಕದ ಸಾರ. ಬ್ಯಾಂಕಿನಲ್ಲಿ ಡಾಲರ್‌ಗೆ ಕೊಡುವುದು ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಇದನ್ನು ಹಿಡಿದುಕೊಂಡು ಕೆಲವರು “ಭಾರತದಲ್ಲಿ ಬದುಕು ಅಗ್ಗ, ಅಲ್ಲಿಗೆ ಯಾಕೆ ಹೋಗುತ್ತೀರಿ” ಅನ್ನುತ್ತಾರೆ.

ಅವರಿಗೆ ನಾನು ಹೇಳುವುದು ಇಷ್ಟು. ಇಲ್ಲಿ ಬದುಕು ಅಗ್ಗ ಆಗಿರುವುದು ಯಾರದೋ ದುಡಿಮೆ ಅಗ್ಗ ಆಗಿರುವುದರಿಂದ. ರೊಟ್ಟಿ ಬಡಿದು ಕೊಡುವ ಅಕ್ಕ, ಇಲಕಲ್ ಸೀರೆ ನೇಯುವವರು, ಆಟೋ ಅಣ್ಣ, ಆಸ್ಪತ್ರೆಯ ನರ್ಸ್. ಆ ಅಗ್ಗದ ದುಡಿಮೆ ಆರು ವರ್ಷ ನನ್ನದೇ ಆಗಿತ್ತು. ನೀವು ಸೇವೆ ಕೊಳ್ಳುವವರೋ, ಸೇವೆ ಮಾರುವವರೋ? ವಹಿಯಲ್ಲಿ ಇದನ್ನು ಬರೆಯಿರಿ. ಬೆಂಗಳೂರಿನ ಸಾಫ್ಟ್‌ವೇರ್ ಮ್ಯಾನೇಜರ್‌ಗೆ ಮನೆಗೆಲಸಕ್ಕೆ ಜನ ಸಿಗುತ್ತಾರೆ, ಡ್ರೈವರ್ ಸಿಗುತ್ತಾನೆ. ಅವರು ಜರ್ಮನಿಗೆ ಹೋದರೆ ಪಾತ್ರೆ ತಾವೇ ತೊಳೆಯಬೇಕು. ಅವರಿಗೆ ಅದು ಇಳಿಕೆ ಅನಿಸಬಹುದು. ನರ್ಸ್‌ಗೆ, ವೆಲ್ಡರ್‌ಗೆ, ಅಡುಗೆಯವರಿಗೆ ಲೆಕ್ಕ ಉಲ್ಟಾ ಆಗುತ್ತದೆ. ಆ ಮ್ಯಾನೇಜರ್‌ಗಳ ವಿಡಿಯೋ ನೋಡಿ ನೀವು ನಿರ್ಧಾರ ಮಾಡಬೇಡಿ.

ಹಾಗಾದರೆ ಬ್ಯಾಂಕಿನ ದರ ಯಾವಾಗ ಬೇಕು? ಊರಿಗೆ ಕಳಿಸುವ ರೊಕ್ಕಕ್ಕೆ ಮಾತ್ರ. ನನ್ನ 2,200ರಲ್ಲಿ ಬಾಡಿಗೆ, ಕರೆಂಟ್, ಊಟ, ಫೋನ್, ರೈಲು ಪಾಸ್, ಚಳಿ ಬಟ್ಟೆ, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್‌ಗೆ ಎತ್ತಿಡುವುದು ಎಲ್ಲ ಸೇರಿ ಸುಮಾರು 1,200 ಹೋಗುತ್ತಿತ್ತು. ಉಳಿದ 1,000 ಯೂರೊ ಬಾಗಲಕೋಟೆಯಲ್ಲಿ ಖರ್ಚಾದರೆ ಆಗಿನ ದರದಲ್ಲಿ ಸುಮಾರು 90,000 ರೂಪಾಯಿ. ಅದೇ ಅಲ್ಲೇ ಖರ್ಚಾದರೆ ಬರೀ 77 ತಾಸಿನ ದುಡಿಮೆ. ಅಂದರೆ ಉಳಿಸಿದ್ದನ್ನು ಎಲ್ಲಿ ಖರ್ಚು ಮಾಡುತ್ತೀರಿ ಅನ್ನುವುದರ ಮೇಲೆ ಅದರ ತೂಕ. ಊರಲ್ಲಿ ಸಾಲ ತೀರಿಸಬೇಕು, ತಮ್ಮನ ಫೀ ಕಟ್ಟಬೇಕು ಅನ್ನುವವಳಿಗೆ ಜರ್ಮನಿ ಒಂದು ರೀತಿ. ಅಲ್ಲೇ ಮನೆ ಕೊಳ್ಳುತ್ತೇನೆ ಅನ್ನುವವಳಿಗೆ ಬೇರೆಯೇ ರೀತಿ.

ಖರ್ಚು ಬರೆಯುವಾಗ ಕೆಲವನ್ನು ಮರೆಯುತ್ತಾರೆ. ಜಾಹೀರಾತಿನಲ್ಲಿ ಇರುವ ಬಾಡಿಗೆ ಕಾಲ್ಟ್‌ಮೀಟೆ, ಅಂದರೆ ಬರೀ ಗೋಡೆಯ ಬಾಡಿಗೆ. ಹೀಟಿಂಗ್, ನೀರು, ಕಸದ ಖರ್ಚು ಸೇರಿದರೆ ವಾರ್ಮ್‌ಮೀಟೆ. ಕರೆಂಟ್ ಬಿಲ್ ಬಹುತೇಕ ಅದರ ಮೇಲೆ ಬೇರೆ. ಡಿಪಾಜಿಟ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಅಲ್ಲಿನ ಕಾನೂನು. ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಬೇಕು. ದೇಶವೆಲ್ಲ ಲೋಕಲ್ ರೈಲು, ಬಸ್, ಟ್ರಾಮ್ ಹತ್ತುವ ತಿಂಗಳ ಪಾಸ್ 2023ರ ಮೇನಲ್ಲಿ 49 ಯೂರೊಗೆ ಶುರುವಾಯಿತು, 2025ರಲ್ಲಿ 58 ಆಯಿತು. ಎಡಗಡೆಯ ಲಾಭವನ್ನೂ ಬರೆಯಬೇಕು. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್‌ಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ದಿನಾ ಓಡಾಡುವ ನರ್ಸ್‌ಗೆ ಅದು ಸಣ್ಣ ರೊಕ್ಕ ಅಲ್ಲ.

ಜಡ್ಡಿನ ಪುಟ, ಮುಪ್ಪಿನ ಪುಟ

ಆರಾಮ ಇದ್ದಾಗ ಎಲ್ಲ ಊರೂ ಛಲೋ. ಹಾಸಿಗೆ ಹಿಡಿದರೆ ಏನಾಗುತ್ತದೆ ಅಂತ ಕೇಳಿ. ಜರ್ಮನಿಯಲ್ಲಿ ಜಡ್ಡು ಬಿದ್ದರೆ ಕೆಲಸ ಕೊಟ್ಟವರು ಆರು ವಾರ ಪೂರ್ಣ ಪಗಾರ ಕೊಡಬೇಕು. ಆಮೇಲೆ ವಿಮೆಯವರು ಒಂದು ಪಾಲು ಕೊಡುತ್ತಾರೆ. ಆಸ್ಪತ್ರೆ ಸೇರಿದರೆ ನಾವು ಕಟ್ಟುವುದು ದಿನಕ್ಕೆ 10 ಯೂರೊ, ಅದೂ ವರ್ಷಕ್ಕೆ 28 ದಿನದವರೆಗೆ ಮಾತ್ರ. ಇಲ್ಲಿ ನನಗೆ ಟೈಫಾಯಿಡ್ ಆದಾಗ ಒಂಬತ್ತು ದಿನದ ಪಗಾರ ಕಡಿದರು, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿದ್ದೆ.

ಆದರೆ ಅಲ್ಲಿ ಹೊತ್ತು ಕೊಡಬೇಕು. ಮೊಣಕಾಲು ನೋವಿಗೆ ತಜ್ಞರ ಅಪಾಯಿಂಟ್‌ಮೆಂಟ್ ನನಗೆ ಏಳು ವಾರಕ್ಕೆ ಸಿಕ್ಕಿತು. ಬಾಗಲಕೋಟೆಯಲ್ಲಿ 400 ರೂಪಾಯಿ ಕೊಟ್ಟರೆ ಅವತ್ತೇ ಸಂಜೆ ಎಲುಬಿನ ಡಾಕ್ಟರ್ ನೋಡುತ್ತಾರೆ. ನಮ್ಮಲ್ಲಿ ರೊಕ್ಕ ಇದ್ದವರಿಗೆ ಹೊತ್ತು ಉಳಿಯುತ್ತದೆ. ಅಲ್ಲಿ ರೊಕ್ಕ ಇಲ್ಲದವರಿಗೂ ಪಾಳಿ ಬರುತ್ತದೆ. ನಾನು ವಾರ್ಡ್‌ನಲ್ಲಿ ನಿಂತು ಎರಡನ್ನೂ ನೋಡಿದ್ದೇನೆ. ಬಿಲ್ ಕಟ್ಟಲಾಗದೆ ಡಿಸ್ಚಾರ್ಜ್ ಕೇಳುವ ಮಂದಿ ಕಾಸೆಲ್‌ನಲ್ಲಿ ನನಗೆ ಕಾಣಲಿಲ್ಲ. ನನ್ನ ಮಟ್ಟಿಗೆ ಇದೊಂದೇ ಸಾಲು ಹತ್ತು ಸಾಲಿನ ತೂಕದ್ದು.

ಪಿಂಚಣಿಯನ್ನು ಹುಡುಗಿಯರು ಕೇಳುವುದೇ ಇಲ್ಲ. ಅಲ್ಲಿ ಪಿಂಚಣಿಯ ಹಕ್ಕಿಗೆ ಕನಿಷ್ಠ ಐದು ವರ್ಷ ತುಂಬಬೇಕು. ಭಾರತ ಮತ್ತು ಜರ್ಮನಿ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಐದು ವರ್ಷ ಲೆಕ್ಕ ಹಾಕುವಾಗ ಎರಡೂ ದೇಶದ ದುಡಿಮೆಯ ಕಾಲ ಕೂಡಿಸಬಹುದು. ಅದಕ್ಕೆ ಇಲ್ಲಿ ಪಿಎಫ್ ಕಟ್ಟಿದ ದಾಖಲೆ ಬೇಕು. ನನ್ನ ಮೊದಲ ಎರಡು ವರ್ಷ ಪಿಎಫ್ ಕಟ್ಟಲೇ ಇಲ್ಲ, ಆ ಎರಡು ವರ್ಷ ನೀರಲ್ಲಿ ಹೋದವು. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಇವತ್ತೇ ನೋಡಿ, ತಿಂಗಳು ತಿಂಗಳು ಜಮಾ ಆಗಿದೆಯೋ ಇಲ್ಲವೋ ಪರೀಕ್ಷಿಸಿ.

ಮಂಗಳವಾರದ ಪುಟ

ಅಲ್ಲಿದ್ದವರಿಗೆ ಫೋನ್ ಮಾಡಿ “ಹೇಗಿದೆ?” ಅಂತ ಕೇಳಿದರೆ “ಆರಾಮ” ಅನ್ನುತ್ತಾರೆ. ಹಿಮದ ಫೋಟೋ ಕಳಿಸುತ್ತಾರೆ. ನಾನೂ ಅವ್ವನಿಗೆ ಹಾಗೇ ಹೇಳುತ್ತಿದ್ದೆ. ಅದರ ಬದಲು “ಹೋದ ಮಂಗಳವಾರ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿ?” ಅಂತ ಕೇಳಿ. ಹಬ್ಬ ಅಲ್ಲದ, ರಜೆ ಅಲ್ಲದ ಒಂದು ದಿನ. ಈಗ ಹೋದವರನ್ನೂ ಕೇಳಿ, ಮೂರು ವರ್ಷ ಆದವರನ್ನೂ ಕೇಳಿ, ವಾಪಸ್ ಬಂದವರನ್ನೂ ಕೇಳಿ.

ನನ್ನ ಮಂಗಳವಾರ ಹೀಗಿತ್ತು. ಬೆಳಗ್ಗೆ 4:40ಕ್ಕೆ ಎದ್ದು 5:20ರ ಟ್ರಾಮ್. 6ಕ್ಕೆ ಡ್ಯೂಟಿ. ಅಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಮಲ ಒರೆಸುವುದು ನರ್ಸ್ ಕೆಲಸ. ಇಲ್ಲಿ ಅದನ್ನು ರೋಗಿಯ ಮನೆಯವರು ಅಥವಾ ಆಯಾ ಮಾಡುತ್ತಾರೆ. “ಬಿಎಸ್ಸಿ ಕಲಿತು ಇದೇನು ಕೆಲಸ” ಅಂತ ಮೊದಲ ವಾರ ನಾನು ಅತ್ತುಬಿಟ್ಟೆ. ಈ ಮಾತನ್ನು ಏಜೆಂಟ್ ಯಾರೂ ಹೇಳಿರಲಿಲ್ಲ. ಆರು ತಿಂಗಳಾದ ಮೇಲೆ ಒಬ್ಬ ಅಜ್ಜಿಗೆ ಬೆನ್ನು ಒರೆಸುತ್ತಾ ಗಾಯ ಆಗುವ ಮೊದಲೇ ಕೆಂಪು ಕಲೆ ಕಂಡುಹಿಡಿದೆ. ಆಗ ಆ ಕೆಲಸದ ಮಾನ ನನಗೆ ಅರ್ಥವಾಯಿತು. ಆದರೂ ಬೆನ್ನು ನೋಯುತ್ತಿತ್ತು, ಅದೂ ನಿಜ. ಮಧ್ಯಾಹ್ನ 2ಕ್ಕೆ ಬಿಡುಗಡೆ. ಆಮೇಲೆ ದಿನ ಪೂರ್ತಿ ನನ್ನದು. ಇಲ್ಲಿ ದುಡಿದ ಆರು ವರ್ಷದಲ್ಲಿ ನನಗೆ ನನ್ನದೇ ಆದ ಒಂದು ಮಧ್ಯಾಹ್ನ ಸಿಕ್ಕಿರಲಿಲ್ಲ.

ಸಂಜೆ ಪಾಳಿ ಮುಗಿಸಿ ಒಬ್ಬಳೇ ನಡೆದು ಮನೆಗೆ ಹೋಗುತ್ತಿದ್ದೆ. ರಾತ್ರಿ 10 ಗಂಟೆಯ ಹೊತ್ತಿಗೆ, ಯಾರ ಫೋನೂ ಇಲ್ಲದೆ. ಇಲ್ಲಿ ಅಪ್ಪ ಸೈಕಲ್ ಹಿಡಿದು ಬಸ್ ಸ್ಟಾಪ್‌ಗೆ ಬರುತ್ತಿದ್ದರು. ಹೆಣ್ಣುಮಕ್ಕಳೇ, ಇದಕ್ಕೊಂದು ಸಾಲು ಬರೆಯಿರಿ. ನೀವು ಹೊರಗಿದ್ದಾಗ ಮನೆಯಲ್ಲಿ ಎಷ್ಟು ಜನ ಎದ್ದು ಕೂತಿರುತ್ತಾರೆ ಅನ್ನುವುದೂ ಜೀವನ ಮಟ್ಟವೇ.

ಬೆಳಕನ್ನೂ ಬರೆಯಿರಿ. ಬಾಗಲಕೋಟೆಯಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಹಗಲಿನಲ್ಲಿ ಎರಡು ತಾಸಿನಷ್ಟೇ ವ್ಯತ್ಯಾಸ. ಕಾಸೆಲ್‌ನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದು ಬೆಳಗ್ಗೆ 8:25ರ ಸುಮಾರಿಗೆ, ಮುಳುಗುವುದು ಸಂಜೆ 4:20ರ ಸುಮಾರಿಗೆ. ಜೂನ್‌ನಲ್ಲಿ ರಾತ್ರಿ 9:30 ಆದರೂ ಬಿಸಿಲು. ಇಲ್ಲಿ ಏಪ್ರಿಲ್‌ನ 40 ಡಿಗ್ರಿ ಬಿಸಿಲಲ್ಲಿ ಬೆಂದವರಿಗೆ ಚಳಿಯದು ಭಯ ಇರುತ್ತದೆ. ಚಳಿಗೆ ಕೋಟು ಇದೆ. ಕತ್ತಲೆಗೆ ಕೋಟು ಇಲ್ಲ.

ಕಟ್ಟೆಯ ಪುಟ

ನಮ್ಮ ಊರಿನವರಿಗೆ ಎರಡು ಊರು ತೂಗುವುದು ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಿದವು. ಜನ ನವನಗರಕ್ಕೆ ಬಂದರು. ಹೊಸ ಊರಿನಲ್ಲಿ ಅಗಲ ರಸ್ತೆ, ಸೆಕ್ಟರ್, ಗಟಾರು ಎಲ್ಲ ಅಚ್ಚುಕಟ್ಟು. ಅಪ್ಪ ಈಗಲೂ ಹೇಳುತ್ತಾರೆ: “ಗ್ವಾಡಿ ಅಳದ್ರು, ಬಾಗ್ಲಾ ಎಣಿಸಿದ್ರು. ಸಂಜೀಕ ಕಟ್ಟಿ ಮ್ಯಾಲ ಯಾರ್‍ಯಾರು ಕುಂಡ್ರತಿದ್ರು ಅಂತ ಯಾರೂ ಬರಕೊಳ್ಳಲಿಲ್ಲ.” ಅದಕ್ಕೇ ನನ್ನ ವಹಿಯಲ್ಲಿ ಒಂದು ಪುಟಕ್ಕೆ ಕಟ್ಟೆ ಅಂತ ಹೆಸರಿಟ್ಟೆ.

ಅದರಲ್ಲಿ ಎರಡೇ ಪ್ರಶ್ನೆ. ರಾತ್ರಿ 2 ಗಂಟೆಗೆ ಬಾಗಿಲು ಬಡಿದರೆ ತೆರೆಯುವ ಮನೆ ಎಷ್ಟು? ಊರಿನಿಂದ ಫೋನ್ ಬಂದರೆ ಮನೆ ಮುಟ್ಟಲು ಎಷ್ಟು ತಾಸು?

ಮೊದಲನೆಯದಕ್ಕೆ ಕಾಸೆಲ್‌ನಲ್ಲಿ ನನ್ನ ಉತ್ತರ ಒಂದು. ವಿಜಯಪುರದ ಗೆಳತಿ, ಮೂರು ಟ್ರಾಮ್ ಸ್ಟಾಪ್ ಆಚೆ ಇದ್ದಳು. ಎರಡನೆಯದರ ಉತ್ತರ 2024ರ ಆಗಸ್ಟ್‌ನಲ್ಲಿ ಸಿಕ್ಕಿತು. ಅಪ್ಪನಿಗೆ ಪಾರ್ಶ್ವವಾಯು ಆಯಿತು. ರಜೆ ಅವತ್ತೇ ಕೊಟ್ಟರು, ಟಿಕೆಟ್ ಮರುದಿನಕ್ಕೆ ಸಿಕ್ಕಿತು. ಫ್ರಾಂಕ್‌ಫರ್ಟ್, ಬೆಂಗಳೂರು, ಅಲ್ಲಿಂದ ರಾತ್ರಿ ರೈಲು. ಮನೆ ಮುಟ್ಟಿದಾಗ 51 ತಾಸು ಆಗಿತ್ತು. ಅಪ್ಪ ಉಳಿದರು, ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ನಾನು ಏಳು ತಿಂಗಳಾದ ಮೇಲೆ ಕೆಲಸ ಬಿಟ್ಟು ಬಂದೆ. ನನ್ನ ಗೆಳತಿಯದೂ ಇದೇ ವಹಿ, ಇದೇ ಪುಟಗಳು. ಅವಳಿಗೆ ಊರಲ್ಲಿ ಇಬ್ಬರು ಅಣ್ಣಂದಿರಿದ್ದಾರೆ, ಒಬ್ಬಳು ಮಗಳಿದ್ದಾಳೆ. ಮಗುವಿಗೆ ಅಲ್ಲಿನ ಸರ್ಕಾರಿ ಶಾಲೆ ಪುಕ್ಕಟೆ, ಜೊತೆಗೆ 2025ರಲ್ಲಿ ತಿಂಗಳಿಗೆ 255 ಯೂರೊ ಮಕ್ಕಳ ಭತ್ಯೆ. ಅವಳು ಅಲ್ಲೇ ಉಳಿದಳು. ಇಬ್ಬರೂ ಸರಿಯಾಗೇ ಲೆಕ್ಕ ಹಾಕಿದ್ದೇವೆ.

ಸಹಿ ಹಾಕುವ ಮೊದಲು

ಇದು ಸಣ್ಣ ಭಾಗ, ಆದರೆ ತಪ್ಪಿಸಬೇಡಿ. ನಾನು ಮೊದಲು ಹೋದ ಏಜೆಂಟ್ ಎರಡು ಲಕ್ಷ ಕೇಳಿದ. ಅವ್ವ ಬಂಗಾರ ಅಡವಿಡಲು ಹೊರಟಿದ್ದಳು. ಭಾರತದಲ್ಲಿ ವಿದೇಶ ಕೆಲಸದ ಏಜೆಂಟರು 1983ರ ವಲಸೆ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಇದೆ. ಇ-ಮೈಗ್ರೇಟ್ ಸರ್ಕಾರಿ ತಾಣದಲ್ಲಿ ಹೆಸರು ಇದೆಯೋ ನೋಡಿ. ಜರ್ಮನಿಯ ಮಟ್ಟಿಗೆ ನರ್ಸ್‌ಗಳ ನ್ಯಾಯವಾದ ನೇಮಕಾತಿಗೆ ಅಲ್ಲಿನ ಸರ್ಕಾರದ ಒಂದು ಮುದ್ರೆಯೇ ಇದೆ. ಆ ಮುದ್ರೆ ಇರುವವರು ನರ್ಸ್ ಹತ್ತಿರ ನೇಮಕಾತಿಯ ರೊಕ್ಕ ಕೇಳುವಂತಿಲ್ಲ, ಖರ್ಚು ಕೆಲಸ ಕೊಡುವವರದು. ಕರಾರಿನಲ್ಲಿ ಬ್ರುಟೊ ಎಷ್ಟು, ವಾರಕ್ಕೆ ಎಷ್ಟು ತಾಸು, ರಜೆ ಎಷ್ಟು ದಿನ, ಮಧ್ಯೆ ಬಿಟ್ಟರೆ ದಂಡ ಎಷ್ಟು ಅನ್ನುವ ನಾಲ್ಕೂ ಬರೆದಿರಬೇಕು. ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಅಲ್ಲಿನ ಕಾನೂನು. ಅದಕ್ಕಿಂತ ಕಡಿಮೆ ಬರೆದಿದ್ದರೆ ಆ ಕಾಗದ ಕೆಳಗಿಡಿ.

ವಹಿಯ ಕೊನೆಯ ನಾಲ್ಕು ಪುಟ ಖಾಲಿ ಬಿಡಿ. ಹೋಗುವುದಾದರೆ ವಹಿ ಜೊತೆಗೆ ಒಯ್ಯಿರಿ. ಪ್ರತಿ ಡಿಸೆಂಬರ್‌ನಲ್ಲಿ ಒಂದು ಪುಟ ತುಂಬಿ, ತಾರೀಖು ಹಾಕಿ. ನನ್ನ ಮೊದಲ ಡಿಸೆಂಬರ್‌ನ ಪುಟದಲ್ಲಿ ಒಂದೇ ಸಾಲಿದೆ: “ಬೆಳಕಿಲ್ಲ, ರೊಟ್ಟಿ ಇಲ್ಲ.” ಮೂರನೆಯದರಲ್ಲಿ ಪುಟ ತುಂಬಿ ಅಂಚಿಗೂ ಬರೆದಿದ್ದೇನೆ. ವಾರ್ಡಿನ ಅಜ್ಜಿಯರ ಹೆಸರು, ಟ್ರಾಮ್ ಕಿಟಕಿಯಿಂದ ಕಾಣುವ ಗುಡ್ಡ, ಏಷ್ಯಾ ಅಂಗಡಿಯಲ್ಲಿ ಸಿಕ್ಕ ಜೋಳದ ಹಿಟ್ಟು, ಅದರಲ್ಲಿ ಹರಿಯದೆ ಬಂದ ಮೊದಲ ರೊಟ್ಟಿ.